ರೋಗದ ಹೆಸರು ತಿಳಿಯುವ ಮೊದಲು: ಬೀದಿಯ ಮರಿ ಮನೆಗೆ ಬಂದಾಗ

ಭಾದ್ರಪದದಲ್ಲಿ ಬೆದೆಗೆ ಬಂದ ಹೆಣ್ಣುನಾಯಿ 63 ದಿನಕ್ಕೆ, ಅಂದರೆ ದೀಪಾವಳಿಯ ಹಿಂದೆ ಮುಂದೆ ಮರಿ ಹಾಕುತ್ತದೆ. ಎಳ್ಳಮಾಸಿ ಹೊತ್ತಿಗೆ ಆ ಮರಿಗಳು ತಾಯಿಯ ಮೊಲೆ ಬಿಟ್ಟು ರಸ್ತೆಗೆ ಇಳಿದಿರುತ್ತವೆ. ಚಳಿಗೆ ಚಹಾದಂಗಡಿಯ ಒಲೆಬೂದಿಯಲ್ಲಿ, ನಿಂತ ಟ್ರ್ಯಾಕ್ಟರಿನ ಗಾಲಿಯ ಮಗ್ಗುಲಲ್ಲಿ ಮಲಗುತ್ತವೆ. ನಮ್ಮ ದವಾಖಾನೆಗೆ ಕುನ್ನಿಮರಿಗಳು ಹೆಚ್ಚಾಗಿ ಬರುವುದು ಆ ದಿನಗಳಲ್ಲೇ. ಬೆಟಗೇರಿಯ ನೇಕಾರರ ಓಣಿಯ ಹುಡುಗರು ಅಂಗಿಯೊಳಗೆ ಸುತ್ತಿಕೊಂಡು ತರುತ್ತಾರೆ. ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಹಾಸ್ಟೆಲ್ ವಿದ್ಯಾರ್ಥಿಗಳು ರಟ್ಟಿನ ಡಬ್ಬಿಯಲ್ಲಿ ಹೊತ್ತು ತರುತ್ತಾರೆ. ಮುಂಡರಗಿ ಕಡೆಯ ಕುರಿಗಾರರು ಕಂಬಳಿಯಲ್ಲಿ ಮುಚ್ಚಿಕೊಂಡು ಬರುತ್ತಾರೆ. ಎಲ್ಲರ ಪ್ರಶ್ನೆ ಒಂದೇ: "ಏನಾಗೇತ್ರೀ ಡಾಕ್ಟ್ರ ಇದಕ್ಕ?"

ಬಹಳ ಸಲ ಇದಕ್ಕೆ ನಿಜವಾದ ಉತ್ತರ "ಇವತ್ತು ಹೇಳಲು ಬರುವುದಿಲ್ಲ" ಎಂಬುದೇ. ಮರಿಯ ವಯಸ್ಸು ಯಾರಿಗೂ ಗೊತ್ತಿಲ್ಲ. ತಾಯಿ ಎಲ್ಲಿದೆ, ಜೊತೆಗೆ ಹುಟ್ಟಿದವು ಬದುಕಿವೆಯೇ, ನಿನ್ನೆ ಯಾವ ತಿಪ್ಪೆಯಲ್ಲಿ ಏನು ತಿಂದಿದೆ, ಒಂದೂ ಗೊತ್ತಿಲ್ಲ. ಮರಿಗಳ ದೊಡ್ಡ ರೋಗಗಳೆಲ್ಲ ಶುರುವಾಗುವುದೂ ಒಂದೇ ಥರ: ಮಂಕಾಗುತ್ತದೆ, ಊಟ ಬಿಡುತ್ತದೆ, ಮೂಲೆ ಸೇರುತ್ತದೆ. ಹೆಸರು ಗೊತ್ತಾಗುವತನಕ ಕೈಕಟ್ಟಿ ಕೂತರೆ ಮರಿ ಉಳಿಯುವುದಿಲ್ಲ. ಹೆಸರಿಲ್ಲದೆಯೂ ಮಾಡಬಹುದಾದ ಕೆಲಸ ಬಹಳ ಇದೆ, ಅದಕ್ಕೊಂದು ಕ್ರಮವೂ ಇದೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಸುತ್ತಿನ ಮರಿಗಳನ್ನು ನೋಡುತ್ತ ನಾನು ಕಲಿತದ್ದು ಇಲ್ಲಿದೆ.

1. ಮೊದಲು ಬಿಸಿ, ಆಮೇಲೆ ಸಿಹಿ, ಆಮೇಲೆ ಊಟ

ತಣ್ಣಗಾದ ಮರಿಯ ಬಾಯಿಗೆ ಹಾಲು ಹಾಕಬೇಡಿ. ಮೈ ತಣ್ಣಗಿರುವಾಗ ಕರುಳು ಕೆಲಸ ಮಾಡುವುದಿಲ್ಲ. ಕುಡಿಸಿದ್ದು ಹೊಟ್ಟೆಯಲ್ಲೇ ನಿಂತು, ವಾಂತಿಯಾಗಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ಅದು ನ್ಯುಮೋನಿಯಾಕ್ಕೆ ತಿರುಗುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಗುದದಲ್ಲಿಟ್ಟು ನೋಡಿ. ಕಣ್ಣು ಬಿಟ್ಟು ಓಡಾಡುವ ಮರಿಗೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮಗೆ ಜ್ವರ ಎನಿಸುವ ಬಿಸಿ ಅದಕ್ಕೆ ಆರೋಗ್ಯ. ಮುಟ್ಟಿದಾಗ ನಮ್ಮ ಕೈಗೆ ತಣ್ಣಗೆ ತಾಗಿದರೆ ಅದು ಅಪಾಯದಲ್ಲಿದೆ. ಬಾಟಲಿಗೆ ಬಿಸಿನೀರು ತುಂಬಿ, ಹಳೆಯ ಸೀರೆಯ ತುಂಡು ಸುತ್ತಿ ಮಗ್ಗುಲಿಗಿಡಿ. ಸೆಕೆಯಾದರೆ ಸರಿದುಕೊಳ್ಳಲು ಅದಕ್ಕೆ ಜಾಗವಿರಲಿ. ಒಲೆಯ ಮುಂದೆ ಹಾಕಿದ ಮರಿಗೆ ಸುಟ್ಟ ಗಾಯವಾಗುವುದು ತಡವಾಗಿ ಕಾಣುತ್ತದೆ.

ಮೈ ಬೆಚ್ಚಗಾಗುವ ಹೊತ್ತಿಗೇ ಬೆಲ್ಲದ ನೀರನ್ನೋ ಗ್ಲೂಕೋಸನ್ನೋ ಕೈಗವಸು ಹಾಕಿದ ಬೆರಳಿನಿಂದ ವಸಡಿಗೆ ಸವರಿ. ಎರಡು ತಿಂಗಳ ಮರಿಯ ಯಕೃತ್ತಿನಲ್ಲಿ ಸಕ್ಕರೆಯ ಸಂಗ್ರಹ ಬಹಳ ಕಡಿಮೆ. ಕೆಲವು ಗಂಟೆ ಉಪವಾಸ ಬಿದ್ದರೂ ತೂರಾಡುತ್ತದೆ, ಸೆಳೆತ ಬರುತ್ತದೆ. ಫಿಟ್ಸ್ ಎಂದು ತಂದ ಮರಿಗಳಲ್ಲಿ ಕೆಲವು ಈ ಸಿಹಿ ಸವರಿದ ಮೇಲೆ ಮೇಜಿನ ಮೇಲೇ ತಲೆ ಎತ್ತಿದ್ದನ್ನು ಕಂಡಿದ್ದೇನೆ. ಪ್ರಜ್ಞೆ ಇಲ್ಲದ ಮರಿಯ ಬಾಯಿಗೆ ಮಾತ್ರ ನೀರು ಸುರಿಯಬಾರದು. ಸವರುವುದಷ್ಟೆ.

2. ಆಕಳ ಹಾಲಿನ ಭೇದಿಯನ್ನು ರೋಗ ಎಂದುಕೊಳ್ಳಬೇಡಿ, ರೋಗದ ಭೇದಿಯನ್ನು ಹಾಲಿನದು ಎಂದೂ ಅಲ್ಲ

ನಾಯಿಯ ಹಾಲಿನಲ್ಲಿ ಆಕಳ ಹಾಲಿಗಿಂತ ಕೊಬ್ಬು, ಪ್ರೋಟೀನು ಎರಡೂ ಹೆಚ್ಚು, ಹಾಲಿನ ಸಕ್ಕರೆ ಕಡಿಮೆ. ಹೀಗಾಗಿ ಬಟ್ಟಲು ತುಂಬ ಹಾಲು ಕುಡಿದ ಮರಿಗೆ ಭೇದಿಯಾಗುವುದು ಸಾಮಾನ್ಯ. ಹಲ್ಲು ಬಂದ ಮರಿಗೆ ಮೆತ್ತಗೆ ಬೇಯಿಸಿದ ಅನ್ನ, ಬೇಯಿಸಿದ ತತ್ತಿ ಅಥವಾ ಕೋಳಿ, ಉಪ್ಪು ಖಾರ ಹಾಕದೆ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಕೊಡಿ. ಹಾಲು ನಿಲ್ಲಿಸಿದ ಒಂದು ದಿನಕ್ಕೆ ಭೇದಿ ಗಟ್ಟಿಯಾಗುತ್ತ ಬಂದು, ಮರಿ ಆಡುತ್ತಿದ್ದರೆ ಸರಿ. ಮರಿ ಮಂಕಾಗಿದ್ದರೆ ಆ ಒಂದು ದಿನವನ್ನೂ ಕಾಯಬೇಡಿ.

3. ವಯಸ್ಸನ್ನು ಹಲ್ಲಿಗೆ ಕೇಳಿ

ಎರಡು ತಿಂಗಳಿಗೆ ಹಾಲುಹಲ್ಲು 28 ತುಂಬಿರುತ್ತವೆ, ಸೂಜಿಯಷ್ಟು ಚೂಪು. ಮುಂದಿನ ಚಿಕ್ಕ ಹಲ್ಲು ಬಿದ್ದು ಅಗಲವಾದ ಹೊಸ ಹಲ್ಲು ಬರುತ್ತಿದ್ದರೆ ನಾಲ್ಕು ತಿಂಗಳ ಆಸುಪಾಸು. ಹೊಟ್ಟೆಗಿಲ್ಲದೆ ಬೆಳೆದ ಮರಿ ಮೈಯಲ್ಲಿ ಎರಡು ತಿಂಗಳಿನದರಂತೆ ಕಂಡರೂ ಬಾಯಿ ತೆಗೆದರೆ ನಾಲ್ಕಾಗಿರುತ್ತದೆ. ಜಂತಿನ ಔಷಧದ ಪ್ರಮಾಣ ತೂಕದ ಮೇಲೆ, ಲಸಿಕೆಯ ಲೆಕ್ಕ ವಯಸ್ಸಿನ ಮೇಲೆ. ಅದಕ್ಕೆ ಎರಡನ್ನೂ ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕು.

ತೂಕ ದಿನವೂ ನೋಡಿ. ಕಿರಾಣಿ ಅಂಗಡಿಯ ತಕ್ಕಡಿ ಸಾಕು. ಚಲೋ ಇರುವ ಮರಿ ದಿನದಿನಕ್ಕೂ ಸ್ವಲ್ಪ ಏರುತ್ತದೆ. ಎರಡು ದಿನ ಸಾಲಾಗಿ ಇಳಿದರೆ, ಮರಿ ಆಡುತ್ತಿದ್ದರೂ ಒಳಗೆ ಏನೋ ಶುರುವಾಗಿದೆ ಎಂದೇ ಹಿಡಿಯಿರಿ. ಕಣ್ಣಿಗೆ ಕಾಣುವ ಲಕ್ಷಣಕ್ಕಿಂತ ತಕ್ಕಡಿ ಮುಂಚೆ ಹೇಳುತ್ತದೆ.

4. ವಸಡಿನ ಬಣ್ಣ

ತುಟಿ ಎತ್ತಿ ವಸಡು ನೋಡುವುದನ್ನು ಮರಿ ಸಾಕುವ ಪ್ರತಿಯೊಬ್ಬರಿಗೂ ಕಲಿಸುತ್ತೇನೆ. ಕೈಗವಸು ಹಾಕಿದ ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಸಡೇ ಕಪ್ಪಗಿದ್ದ ಮರಿಗೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.

ವಸಡು ಬಿಳಿಚಿದ್ದರೆ ಹೆಚ್ಚಾಗಿ ರಕ್ತ ಎಲ್ಲೋ ಹೋಗುತ್ತಿದೆ, ಇಲ್ಲವೇ ಮೈಯೊಳಗೇ ನಾಶವಾಗುತ್ತಿದೆ ಎಂದು ಅರ್ಥ. ನಮ್ಮ ಕಡೆ ಮೊದಲ ಗುಮಾನಿ ಕೊಕ್ಕೆಹುಳದ ಮೇಲೆ. ಅದು ತಾಯಿಯ ಹಾಲಿನಿಂದಲೇ ಮರಿಗೆ ಬರುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮಲ ಕಪ್ಪು ಡಾಂಬರಿನಂತೆ ಬರುತ್ತಿದ್ದರೆ ಗುಮಾನಿ ಗಟ್ಟಿ. ಎರಡನೆಯದು ಮೈತುಂಬ ಚಿಗಟ. ಎರಡು ಕಿಲೋ ಮರಿಯ ರಕ್ತವನ್ನು ಚಿಗಟಗಳೇ ಬರಿದು ಮಾಡಬಲ್ಲವು. ಮೂರನೆಯದು ಉಣ್ಣಿ ತರುವ ರೋಗಗಳು, ಎರ್ಲಿಕಿಯಾ ಮತ್ತು ಬಬೇಸಿಯಾ. ಜ್ವರ, ಹೊಟ್ಟೆಯ ಚರ್ಮದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ ಬಂದರೆ ಎರ್ಲಿಕಿಯಾ ನೆನಪಾಗಬೇಕು. ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿದರೆ ಬಬೇಸಿಯಾ. ರಕ್ತದ ಸ್ಲೈಡಿನಲ್ಲಿ ರೋಗಾಣು ಕಾಣಲಿಲ್ಲ ಎಂದ ಮಾತ್ರಕ್ಕೆ ಈ ರೋಗಗಳಿಲ್ಲ ಎಂದಲ್ಲ. ಎಷ್ಟೋ ಸಲ ರಕ್ತದ ಕಣಗಳ ಎಣಿಕೆ ಮತ್ತು ಲಕ್ಷಣ ಎರಡನ್ನೂ ಜೋಡಿಸಿ ಚಿಕಿತ್ಸೆ ಶುರು ಮಾಡಬೇಕಾಗುತ್ತದೆ.

ನಾಲ್ಕನೆಯದು ನಮ್ಮ ಜಿಲ್ಲೆಯಲ್ಲಿ ಕೇಳಲೇಬೇಕಾದ ಪ್ರಶ್ನೆ: ಉಳ್ಳಾಗಡ್ಡಿ ತಿಂದಿದೆಯೇ? ಗದಗ ಉಳ್ಳಾಗಡ್ಡಿ ಬೆಳೆಯುವ ನಾಡು, ಪಲ್ಯ ಸಾರು ಅದಿಲ್ಲದೆ ಆಗುವುದಿಲ್ಲ. ನಾಯಿಯ ಮೈಯಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಮೈತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಹೊಟ್ಟೆ ಸೇರಿದರೆ ಹಾನಿ ಶುರು. ಬೇಯಿಸಿದರೂ ವಿಷ ಹೋಗುವುದಿಲ್ಲ. ತಿಂದ ಕೆಲವು ದಿನಗಳ ಮೇಲೆ ಮರಿ ಬಿಳಿಚುವುದರಿಂದ ಊಟಕ್ಕೂ ರೋಗಕ್ಕೂ ಯಾರೂ ನಂಟು ಕಟ್ಟುವುದಿಲ್ಲ. ಉಳಿದ ಸಾರನ್ನ ನಾಯಿಗೆ ಹಾಕುವ ಮನೆಗಳಲ್ಲಿ ಇದನ್ನು ಬಿಡಿಸಿ ಕೇಳಬೇಕು.

5. ಉಬ್ಬಿದ ಹೊಟ್ಟೆ ಪುಷ್ಟಿಯಲ್ಲ, ಕಾಣುವ ಪಕ್ಕೆಲುಬು ಯಾವಾಗಲೂ ರೋಗವಲ್ಲ

"ಮೈ ಕೈ ತುಂಬ್ಕೊಂಡೈತ್ರೀ" ಎಂದು ತಂದ ಮರಿಯ ಹೊಟ್ಟೆ ಮಾತ್ರ ತುಂಬಿರುತ್ತದೆ, ಬೆನ್ನೆಲುಬು ಕೈಗೆ ಸಿಗುತ್ತದೆ. ಅದು ದುಂಡುಹುಳ. ಮರಿ ತಾಯಿಯ ಗರ್ಭದಲ್ಲಿದ್ದಾಗಲೇ ಅದರೊಳಗೆ ಸೇರಿರುತ್ತದೆ, ಹೀಗಾಗಿ ಬೀದಿಯ ಪ್ರತಿ ಮರಿಗೂ ಜಂತು ಇದೆ ಎಂದೇ ಹೊರಡಬೇಕು. ಎರಡು ವಾರದ ವಯಸ್ಸಿನಿಂದ ಎರಡು ವಾರಕ್ಕೊಮ್ಮೆ, ಮೂರು ತಿಂಗಳಾದ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧ ಬೇಕು. ಒಂದೇ ಸಲ ಕೊಟ್ಟು ಬಿಟ್ಟರೆ ಮೈಯೊಳಗೆ ಅಡಗಿದ ಮರಿಹುಳಗಳು ಬೆಳೆದು ಮತ್ತೆ ಕರುಳು ಸೇರುತ್ತವೆ. ಬಹಳ ನಿತ್ರಾಣವಾದ ಮರಿಗೆ ಮೊದಲ ಡೋಸು ವೈದ್ಯರ ಕಣ್ಣೆದುರೇ ಆಗಲಿ.

ಈ ಹುಳಗಳು ಮನೆಯ ಕೂಸುಗಳಿಗೂ ದಾಟುತ್ತವೆ. ಅಂಗಳದ ಮಣ್ಣಿನಲ್ಲಿ ಆಡಿ ಕೈ ಬಾಯಿಗೆ ಹಾಕುವ ಮಕ್ಕಳ ಕಣ್ಣಿಗೆ, ಯಕೃತ್ತಿಗೆ ದುಂಡುಹುಳದ ಮರಿಗಳು ಹೋಗಿ ಸೇರಬಲ್ಲವು. ಮರಿಯ ಮಲವನ್ನು ಅಂದಂದೇ ಎತ್ತಿ, ಕೈಗೆ ಸಾಬೂನು ಹಚ್ಚಿ ತೊಳೆದರೆ ಈ ಭಯ ಬಹಳ ಕಡಿಮೆ.

ಇನ್ನು ಮುಧೋಳ ನಾಯಿಯ ಮಿಶ್ರಣದ ಮರಿ. ಮುಧೋಳ ಇರುವ ಬಾಗಲಕೋಟೆ ಜಿಲ್ಲೆ ಪಕ್ಕದಲ್ಲೇ ಇರುವುದರಿಂದ ನಮ್ಮಲ್ಲಿ ಉದ್ದ ಮೂತಿ, ಸಣ್ಣ ನಡುವಿನ ಮರಿಗಳು ಆಗಾಗ ಸಿಗುತ್ತವೆ. ಅವುಗಳ ಪಕ್ಕೆಲುಬು ಎಣಿಸುವಂತಿರುವುದು ತಳಿಯ ಗುಣ. ವಸಡು ಗುಲಾಬಿಯಾಗಿದ್ದು, ತೂಕ ಏರುತ್ತಿದ್ದು, ಓಡುತ್ತಿದ್ದರೆ ಅವನ್ನು ದಪ್ಪ ಮಾಡಲು ಟಾನಿಕ್ ಕುಡಿಸಬೇಡಿ.

6. ವಾಂತಿಯೂ ಭೇದಿಯೂ ಕೂಡಿ ಬಂದರೆ, ಅಲ್ಲ ಎಂದು ಗೊತ್ತಾಗುವತನಕ ಅದು ಪಾರ್ವೊ

"ನಿನ್ನೆ ಸಂಜೀತನಕ ಆಡಾಕತ್ತಿತ್ರೀ, ಇವತ್ತ ಏಳವಲ್ದು." ಈ ಮಾತು ಕೇಳಿದಾಗೆಲ್ಲ ನನ್ನ ಕೈ ಮೊದಲು ಸಲೈನಿನ ಕಡೆ ಹೋಗುತ್ತದೆ. ನಾಯಿಯ ಪಾರ್ವೊ ವೈರಾಣು 1978ರಲ್ಲಿ ಮೊದಲು ಗುರುತಿಗೆ ಸಿಕ್ಕು ಎರಡು ವರ್ಷದೊಳಗೆ ಲೋಕವನ್ನೆಲ್ಲ ಸುತ್ತಿತು. ಮೈ ಸೇರಿದ ಮೇಲೆ ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೆ ಲಕ್ಷಣ ತೋರುತ್ತದೆ. ಹೀಗಾಗಿ ಮನೆಗೆ ಬಂದಾಗ ಕುಣಿಯುತ್ತಿದ್ದ ಮರಿ ನಾಲ್ಕೈದು ದಿನದಲ್ಲಿ ಮಲಗುತ್ತದೆ. ಮನೆಯವರು ಯಾರದೋ ಕಣ್ಣು ಬಿತ್ತು ಎಂದೋ, ಅಂದು ಹಾಕಿದ ಊಟದಿಂದ ಆಯಿತು ಎಂದೋ ಕೊರಗುತ್ತಾರೆ. ರೋಗ ಬೀದಿಯಿಂದಲೇ ಬಂದದ್ದು, ನೀವು ಮಾಡಿದ ತಪ್ಪೇನಿಲ್ಲ ಎಂದು ಅವರಿಗೆ ಹೇಳುವುದೂ ನಮ್ಮ ಕೆಲಸ.

ಮೊದಲು ಊಟ ಬಿಡುತ್ತದೆ, ಆಮೇಲೆ ನೊರೆನೊರೆ ವಾಂತಿ, ಅದರ ಹಿಂದೆ ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ರಕ್ತಭೇದಿ. ಕರುಳಿನ ಒಳಪದರ ಸುಲಿದು ಹೋಗುತ್ತದೆ, ಬಿಳಿ ರಕ್ತಕಣ ಕುಸಿಯುತ್ತವೆ, ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತವೆ. ಚಿಕಿತ್ಸೆ ಸಿಗದ ಮರಿಗಳಲ್ಲಿ ಹೆಚ್ಚಿನವು ಸಾಯುತ್ತವೆ. ಮೊದಲ ದಿನವೇ ಸಲೈನ್, ವಾಂತಿ ತಡೆಯುವ ಔಷಧ, ಆಂಟಿಬಯೋಟಿಕ್, ಬಿಸಿ, ಸಕ್ಕರೆ ಸಿಕ್ಕರೆ ಹೆಚ್ಚಿನವು ಬದುಕುತ್ತವೆ. ಈ ಎರಡರ ನಡುವಿನ ಅಂತರ ಬಹಳ ಸಲ ಒಂದು ರಾತ್ರಿಯದು. ಬೆಳಿಗ್ಗೆ ನೋಡೋಣ ಎಂದು ಕಾಯುವ ರೋಗ ಇದಲ್ಲ.

ಮಲದಿಂದ ನೋಡುವ ಪಾರ್ವೊ ಕಿಟ್ ಒಳ್ಳೆಯ ಸಾಧನ, ಆದರೆ ಕೊನೆಯ ಮಾತಲ್ಲ. ತೀರ ಮುಂಚೆ ಮಾಡಿದರೆ, ಅಥವಾ ರೋಗದ ಕೊನೆಯ ದಿನಗಳಲ್ಲಿ ಮಾಡಿದರೆ, ರೋಗವಿದ್ದೂ ಇಲ್ಲ ಎನ್ನಬಹುದು. ಲಸಿಕೆ ಹಾಕಿಸಿದ ಹೊಸದರಲ್ಲಿ ಮಾಡಿದರೆ ಇಲ್ಲದಿದ್ದರೂ ಇದೆ ಎನ್ನಬಹುದು. ಕೊಕ್ಕೆಹುಳ, ಕಾಕ್ಸಿಡಿಯಾ ಮತ್ತು ಜಿಯಾರ್ಡಿಯಾ ಎಂಬ ಕರುಳಿನ ರೋಗಾಣುಗಳು, ಕರುಳಿನೊಳಗೆ ಕರುಳು ಸೇರಿಕೊಳ್ಳುವುದು, ನುಂಗಿದ ಎಲುಬು ಇಲ್ಲವೇ ಗುಟಕಾ ಚೀಟಿ, ಇವೂ ಇದೇ ಚಿತ್ರ ಕೊಡುತ್ತವೆ. ಹತ್ತಿ, ಮೆಣಸಿನಕಾಯಿ ಹೊಲದ ಕೀಟನಾಶಕವೂ ಅಷ್ಟೆ. ಜೊಲ್ಲು ಸುರಿದು, ಮೈ ನಡುಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ವಿಷವನ್ನೇ ಮೊದಲು ಯೋಚಿಸಬೇಕು. ಹಿತ್ತಲಲ್ಲಿ ಕೀಟನಾಶಕದ ಡಬ್ಬಿ ಬಿದ್ದಿದ್ದರೆ ಅದರ ಚೀಟಿಯ ಫೋಟೊ ತೆಗೆದುಕೊಂಡು ಬನ್ನಿ.

ಮನುಷ್ಯರ ಭೇದಿ ನಿಲ್ಲಿಸುವ ಗುಳಿಗೆ ಕೊಡಬೇಡಿ. ಕರುಳನ್ನು ಸ್ತಬ್ಧ ಮಾಡಿ ವಿಷವನ್ನು ಒಳಗೇ ಕೂರಿಸುತ್ತದೆ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ಮನೆ ತೊಳೆಯುವ ಮಾತು. ಫಿನೈಲಿಗೆ ಈ ವೈರಾಣು ಜಗ್ಗುವುದಿಲ್ಲ. ಮೊದಲು ಹೊಲಸನ್ನು ಸಾಬೂನು ನೀರಿನಲ್ಲಿ ಪೂರ್ತಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು ಹತ್ತು ನಿಮಿಷ ಬಿಡಿ. ಮಣ್ಣಿನ ಅಂಗಳಕ್ಕೆ ಈ ಉಪಾಯ ನಡೆಯುವುದಿಲ್ಲ. ಮಣ್ಣಿನಲ್ಲಿ, ಅದರಲ್ಲೂ ನೆರಳಿನ ತಂಪು ಜಾಗದಲ್ಲಿ, ಅದು ತಿಂಗಳುಗಟ್ಟಲೆ ಉಳಿಯುತ್ತದೆ.

7. ಗುಣವಾಯಿತು ಎಂದ ಮೇಲೂ ಡಿಸ್ಟೆಂಪರ್ ಮೇಲೆ ಕಣ್ಣಿಡಿ

ಪಾರ್ವೊ ಅವಸರದ ರೋಗ, ಡಿಸ್ಟೆಂಪರ್ ಕಾದು ಹೊಡೆಯುವ ರೋಗ. ಜ್ವರ, ಕಣ್ಣಿಗೆ ಹಳದಿ ಪಿಸುರು, ಮೂಗಿನಲ್ಲಿ ದಪ್ಪ ಸಿಂಬಳ, ಕೆಮ್ಮು, ಹೊಟ್ಟೆಯ ಚರ್ಮದ ಮೇಲೆ ಕೀವುಗುಳ್ಳೆ. ನೆಗಡಿ ಎಂದುಕೊಳ್ಳುತ್ತಾರೆ. ಔಷಧ ಕೊಟ್ಟ ಮೇಲೆ ಇಳಿಯುತ್ತದೆ. ವಾರಗಳಾದ ಮೇಲೆ ಪಾದದ ಮೆತ್ತೆ ಗಟ್ಟಿಯಾಗುತ್ತದೆ, ಕಪಾಲದ ಪಕ್ಕದ ಸ್ನಾಯುವೋ ಒಂದು ಕಾಲೋ ತಾಳ ಹಾಕಿದಂತೆ ಮಿಡಿಯತೊಡಗುತ್ತದೆ. ಈ ಮಿಡಿತವನ್ನು ಮರಿ ಮಲಗಿದಾಗ ನೋಡಿ. ಚಳಿಯ ನಡುಕ ನಿದ್ದೆಯಲ್ಲಿ ನಿಲ್ಲುತ್ತದೆ, ಡಿಸ್ಟೆಂಪರಿನ ಮಿಡಿತ ಬಹಳ ಸಲ ನಿದ್ದೆಯಲ್ಲೂ ಮುಂದುವರಿಯುತ್ತದೆ. ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಬನ್ನಿ. ದವಾಖಾನೆಯ ಮೇಜಿನ ಮೇಲೆ ಹೆದರಿದ ಮರಿ ಅದನ್ನು ತೋರಿಸದೆ ಇರಬಹುದು.

ಈ ವೈರಾಣುವನ್ನು ಕೊಲ್ಲುವ ಔಷಧವಿಲ್ಲ. ಆದರೂ ಎಲ್ಲ ಮರಿಗಳೂ ಸಾಯುವುದಿಲ್ಲ. ಮಿಡಿಯುವ ಕಾಲಿನೊಂದಿಗೇ ಊಟ ಮಾಡಿ, ಓಡಾಡಿ ವರ್ಷಗಟ್ಟಲೆ ಬದುಕುವ ನಾಯಿಗಳಿವೆ. ಮೇಲಿಂದ ಮೇಲೆ ಸೆಳೆತ ಬಂದು ನರಳುವ ಮರಿಗೆ ಶಾಂತ ಮರಣ ಕೊಡುವ ಮಾತನ್ನು ನಾನು ಮುಚ್ಚಿಡದೆ ಹೇಳುತ್ತೇನೆ. ಮಿಡಿತ ಒಂದನ್ನೇ ನೋಡಿ ಆ ನಿರ್ಧಾರಕ್ಕೆ ಬರಬಾರದು.

ನಮ್ಮ ಜಿಲ್ಲೆಗೆ ಇದರಲ್ಲಿ ಇನ್ನೊಂದು ಹೊಣೆಯಿದೆ. 2019ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬ, ನರಿಗಳಿವೆ. ಗುಡ್ಡದ ಬುಡದಲ್ಲಿ ಕುರಿಹಿಂಡುಗಳೂ ಅವುಗಳ ನಾಯಿಗಳೂ ಇವೆ. ಡಿಸ್ಟೆಂಪರ್ ಊರನಾಯಿಯಿಂದ ಕಾಡಿನ ಪ್ರಾಣಿಗೆ ದಾಟುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳು ಇದರಿಂದ ಸತ್ತವು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸತ್ತಾಗಲೂ ಈ ವೈರಾಣು ಪತ್ತೆಯಾಯಿತು. ಕಾಯಿಲೆ ಬಿದ್ದ ಮರಿಯನ್ನು "ಉಳಿಯೂದಿಲ್ಲ ಬಿಡು" ಎಂದು ಗುಡ್ಡದ ಕಡೆ ಬಿಟ್ಟು ಬರುವವರಿಗೆ ಇದನ್ನು ಕೈಹಿಡಿದು ಹೇಳುತ್ತೇನೆ.

8. ಚರ್ಮಕ್ಕೆ ಸುಟ್ಟ ಎಣ್ಣೆ ಬೇಡ

ಕಿವಿಯಂಚು, ಮೊಣಕೈ ತುರಿಸಿ ತುರಿಸಿ ರಕ್ತ ಬರುತ್ತಿದ್ದು, ಎತ್ತಿಕೊಂಡವರಿಗೂ ತುರಿಕೆ ಹತ್ತಿದರೆ ಹೆಚ್ಚಾಗಿ ಕಜ್ಜಿ. ಹೆಚ್ಚು ತುರಿಕೆಯಿಲ್ಲದೆ ಕಣ್ಣಿನ ಸುತ್ತ ಕೂದಲುದುರಿದರೆ ಡೆಮೊಡೆಕ್ಸ್ ಎಂಬ ಬೇರೆ ಹುಳ. ಎರಡಕ್ಕೂ ಈಗ ಒಳ್ಳೆಯ ಔಷಧಗಳಿವೆ. ಗ್ಯಾರೇಜಿನ ಸುಟ್ಟ ಎಣ್ಣೆ ಬಳಿದರೆ ಮರಿ ಅದನ್ನು ನೆಕ್ಕಿ ಯಕೃತ್ತು ಕೆಡಿಸಿಕೊಳ್ಳುತ್ತದೆ. ದನಕ್ಕೆ ಹಚ್ಚುವ ಉಣ್ಣಿ ಔಷಧವನ್ನು ಅಂದಾಜಿನ ಮೇಲೆ ಸುರಿದರೆ ಸಂಜೆಗೆ ಸೆಳೆತ. ಎರಡು ತಿಂಗಳೊಳಗಿನ ಮರಿಯ ಉಣ್ಣಿ, ಚಿಗಟಗಳನ್ನು ಬಾಚಣಿಗೆಯಿಂದ ಬಾಚಿ ತೆಗೆಯುವುದೇ ಚಲೋ.

9. ಲಸಿಕೆ ಚಿಕಿತ್ಸೆಯಲ್ಲ

ಮಂಕಾದ ಮರಿಯನ್ನು ತಂದು "ಒಂದು ಇಂಜೆಕ್ಷನ್ ಮಾಡಿಬಿಡ್ರಿ" ಎನ್ನುತ್ತಾರೆ. ಮೈಯಲ್ಲಿ ಆಗಲೇ ಬೆಳೆಯುತ್ತಿರುವ ರೋಗವನ್ನು ಲಸಿಕೆ ತಡೆಯುವುದಿಲ್ಲ. ಪಾರ್ವೊ, ಡಿಸ್ಟೆಂಪರ್ ಲಸಿಕೆಯನ್ನು ಮರಿ ಚಲೋ ಇರುವಾಗಲೇ ಹಾಕಿಸಬೇಕು: ಆರರಿಂದ ಎಂಟು ವಾರಕ್ಕೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ. ತಾಯಿಯಿಂದ ಬಂದ ರಕ್ಷಣೆ ಲಸಿಕೆಗೆ ಅಡ್ಡಬರುತ್ತದೆ, ಅದು ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಅಲ್ಲಿಯತನಕ ಮರಿಯನ್ನು ರಸ್ತೆಗೆ, ಬೇರೆ ನಾಯಿಗಳ ನಡುವೆ ಬಿಡಬೇಡಿ. ಮನೆಯಲ್ಲಿ ಹಳೆಯ ನಾಯಿಯಿದ್ದರೆ ಎರಡು ವಾರ ಬೇರೆ ಕೋಣೆ, ಬೇರೆ ತಾಟು.

10. ರೇಬೀಸ್ ವಿಷಯದಲ್ಲಿ ಅನುಮಾನದ ಲಾಭ ಮನುಷ್ಯರಿಗೆ

ಚಿಕ್ಕ ಮರಿಗೆ ಹುಚ್ಚು ಬರುವುದಿಲ್ಲ ಎಂಬ ನಂಬಿಕೆ ಊರೂರಲ್ಲಿದೆ. ಬರುತ್ತದೆ. ಅದೂ ನಾವು ಅಂದುಕೊಂಡಂತೆ ಓಡಿಬಂದು ಕಚ್ಚುವ ರೂಪದಲ್ಲೇ ಬರಬೇಕೆಂದಿಲ್ಲ. ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾಗದೆ ಕೂತ ಮರಿಯನ್ನು ತಂದು "ಎಲವು ಸಿಕ್ಕೊಂಡೈತ್ರೀ ಗಂಟಲದಾಗ" ಎನ್ನುತ್ತಾರೆ. ಮನೆಯವರು ಆಗಲೇ ಬಾಯೊಳಗೆ ಬೆರಳು ಹಾಕಿ ಹುಡುಕಿರುತ್ತಾರೆ. ಲಸಿಕೆಯಾಗದ ಮರಿಯ ಬಾಯಿಗೆ ಬರಿಗೈ ಹಾಕಬೇಡಿ ಎಂಬುದನ್ನು ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ.

ಹಲ್ಲು ತಾಗಿತೋ, ಗೀರಿತೋ, ಹುಣ್ಣಿದ್ದ ಜಾಗ ನೆಕ್ಕಿತೋ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರಪುಡಿ, ಅರಿಷಿಣ ಹಚ್ಚಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆ ಅಲ್ಲಿ ಉಚಿತ. ರಕ್ತ ಬರುವಂತೆ ಕಚ್ಚಿದ್ದರೆ, ಗೀರಿದ್ದರೆ ಅಥವಾ ಹುಣ್ಣಿದ್ದ ಜಾಗ ನೆಕ್ಕಿದ್ದರೆ ಗಾಯಕ್ಕೆ ಹಾಕುವ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕೆಂದು ಕೇಳಿ. ನಾಯಿಯನ್ನು ಹತ್ತು ದಿನ ನೋಡುವ ನಿಯಮ ಕಚ್ಚಿದ ದಿನದ ಜೊಲ್ಲಿನಲ್ಲಿ ವೈರಾಣು ಇತ್ತೇ ಎಂದು ತಿಳಿಯಲು ಮಾತ್ರ. ಲಸಿಕೆ ಶುರು ಮಾಡಿ ನೋಡುತ್ತಿರಬೇಕು, ನೋಡಿ ಆಮೇಲೆ ಶುರು ಮಾಡುವುದಲ್ಲ. ಹತ್ತು ದಿನ ಕಳೆದ ಮರಿ ಮುಂದೆಂದೂ ರೇಬೀಸ್ ತೋರುವುದಿಲ್ಲ ಎಂದೂ ಅರ್ಥವಲ್ಲ. ಮನೆಗೆ ಬರುವ ಮುಂಚೆ ಅದಕ್ಕೆ ಬೇರೆ ನಾಯಿ ಕಚ್ಚಿದ್ದರೆ ಲಕ್ಷಣಕ್ಕೆ ತಿಂಗಳುಗಳೇ ಹಿಡಿಯಬಹುದು. ಮೂರು ತಿಂಗಳು ತುಂಬಿದೊಡನೆ ಮರಿಗೆ ರೇಬೀಸ್ ಲಸಿಕೆ ಹಾಕಿಸಿ. ಬೀದಿಮರಿಗಳನ್ನು ಎತ್ತಿ ಸಾಕುವ ಕೆಲಸವನ್ನೇ ಹಚ್ಚಿಕೊಂಡ ಹುಡುಗರು ಕಚ್ಚಿಸಿಕೊಳ್ಳುವ ಮೊದಲೇ ಮುಂಜಾಗ್ರತೆಯ ಲಸಿಕೆ ಹಾಕಿಸಿಕೊಂಡಿರಬೇಕು.

11. ಮರಿ ಉಳಿಯದಿದ್ದರೆ

ನರಗಳ ಲಕ್ಷಣ ತೋರಿ ಸತ್ತ ಮರಿಯನ್ನು ವೈದ್ಯರಿಗೆ ತಿಳಿಸದೆ ಹೂಳಬೇಡಿ. ರೇಬೀಸ್ ಹೌದೋ ಅಲ್ಲವೋ ಎಂಬುದು ಮಿದುಳಿನ ಪರೀಕ್ಷೆಯಿಂದಷ್ಟೇ ಖಚಿತವಾಗುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರಯೋಗಾಲಯವಿದೆ. ಮನೆಯವರ ಲಸಿಕೆ ಮಾತ್ರ ಆ ಉತ್ತರಕ್ಕೆ ಕಾಯಬಾರದು.

ಪಾರ್ವೊದಿಂದ ಹೋದ ಮರಿಯನ್ನು ಆಳಕ್ಕೆ ಹೂಳಿ, ಹಾಸಿದ ಬಟ್ಟೆ ಸುಟ್ಟು, ತಾಟನ್ನು ಬ್ಲೀಚಿನಲ್ಲಿ ಅದ್ದಿ. ಮಕ್ಕಳು ಅಳುತ್ತಾರೆಂದು ಮರುದಿನವೇ ಇನ್ನೊಂದು ಮರಿ ತರುವ ಮನೆಗಳನ್ನು ಕಾಣುತ್ತೇನೆ. ಆ ಅಂಗಳಕ್ಕೆ ಲಸಿಕೆಯ ಕಂತು ಮುಗಿಯದ ಮರಿ ಒಂದು ವರ್ಷ ಬರಬಾರದು. ನಾಯಿ ಬೇಕೇ ಬೇಕಾದರೆ, ಓಣಿಯಲ್ಲಿ ನೀವು ದಿನಾ ರೊಟ್ಟಿ ಹಾಕುವ ದೊಡ್ಡ ನಾಯಿ ಇದ್ದೇ ಇರುತ್ತದೆ. ಅದಕ್ಕೆ ಪಾರ್ವೊ, ಡಿಸ್ಟೆಂಪರ್, ರೇಬೀಸ್ ಲಸಿಕೆ ಹಾಕಿಸಿ, ಜಂತಿನ ಔಷಧ ಕೊಟ್ಟು, ಎರಡು ಮೂರು ವಾರ ಬಿಟ್ಟು ಒಳಗೆ ಕರೆದುಕೊಳ್ಳಿ.